ಅತ್ತೆಯವರ ಕೆಮ್ಮಿಗೆ ಮಾವನವರ ಗ್ರಾಫು

ನನ್ನ ಮಾವನವರು ನನ್ನನ್ನು ಸೊಸೆಯಾಗಿ ಒಪ್ಪಿಕೊಂಡದ್ದು ರೂಪ ನೋಡಿ ಅಲ್ಲ, ಗುಣ ವಿಚಾರಿಸಿ ಅಲ್ಲ, ಜಾತಕವನ್ನಂತೂ ಅವರು ಬಿಚ್ಚಿಯೂ ನೋಡಲಿಲ್ಲ. ಒಂದು ಗ್ರಾಫಿನ ಮೇಲೆ ಒಪ್ಪಿಕೊಂಡರು! ನಗಬೇಡಿ. ಎಂಬತ್ತರ ದಶಕದ ಕೊನೆಯಲ್ಲಿ, ರಾಣೆಬೆನ್ನೂರಿನ ನಮ್ಮ ತಂದೆಯ ಮನೆಯ ಪಡಸಾಲೆಯಲ್ಲಿ, ಎರಡೂ ಕಡೆಯ ಹನ್ನೊಂದು ಜನ ಹಿರಿಯರ ಎದುರಿಗೆ ನಡೆದ ಸಂಗತಿ ಇದು.

ಹೆಣ್ಣು ನೋಡಲು ಬಂದವರು ಏನು ಕೇಳುತ್ತಾರೆ ಹೇಳಿ? ಹಾಡು ಬರುತ್ತದೋ, ರೊಟ್ಟಿ ಬಡಿಯಲು ಬರುತ್ತದೋ, ಕಸೂತಿ ಗೊತ್ತೋ. ನಾನು ಮೂರಕ್ಕೂ ಸಜ್ಜಾಗಿದ್ದೆ. ಗಂಡಿನ ತಂದೆ ಬ್ಯಾಡಗಿಯವರು, ಗಣಿತದ ಮಾಸ್ತರರಾಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತರಾದವರು ಎಂಬುದು ಬಿಟ್ಟರೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಅವರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು, ಕನ್ನಡಕ ಏರಿಸಿದರು, ಕೇಳಿದರು.

"ನೋಡವಾ, ಒಂದು ವರ್ಗದಾಗ ನಲವತ್ತು ಮಂದಿ ಅದಾರ. ಎಲ್ಲಾರ ಎತ್ತರ ಅಳದೀವಿ, ಎಲ್ಲಾರ ತೂಕ ಹಿಡದೀವಿ. ಎತ್ತರಕ್ಕೂ ತೂಕಕ್ಕೂ ಏನ್ ಸಂಬಂಧ ಐತಿ ಅಂತ ತೋರಸಬೇಕು. ನೀ ಯಾವ ಗ್ರಾಫ್ ಹಾಕ್ತಿ?"

ನಮ್ಮ ಅಪ್ಪನ ಕೈಯಲ್ಲಿದ್ದ ಚಹಾದ ಕಪ್ಪು ಬಾಯಿಗೂ ಬಸಿಗೂ ನಡುವೆ ನಿಂತುಬಿಟ್ಟಿತು. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು ನಿಜ, ಆದರೆ ಓದಿದ್ದು ಪರೀಕ್ಷೆ ಮುಗಿದ ಮರುದಿನವೇ ನನ್ನನ್ನು ಬಿಟ್ಟು ಹೋಗಿತ್ತು. ತೋಚಿದ್ದು ಹೇಳಿದೆ.

"ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ ಇಡ್ತೇನ್ರಿ."

"ಇಟ್ಟು?"

ಇಟ್ಟು ಏನು ಮಾಡಬೇಕೆಂದು ಯಾರಿಗೆ ಗೊತ್ತಿತ್ತು! "ಇಟ್ಟು ಸುಮ್ನ ಇರ್ತೇನ್ರಿ" ಎಂದೆ.

"ಗೆರಿ ಎಳದು ಕೂಡಸೂದಿಲ್ಲ?"

"ಇಲ್ರಿ."

ಮಾವನವರು ತೊಡೆ ತಟ್ಟಿದರು. ಮೂವತ್ತೈದು ವರ್ಷ ಎಷ್ಟೋ ತಲೆಗಳಿಗೆ ಹೇಳಿ ಹೇಳಿ ಸಾಕಾದ ಮಾತನ್ನು ಈ ಹುಡುಗಿ ಹೇಳಿಕೊಡದೆಯೇ ಹೇಳಿದಳು ಎಂದು ಅವರ ಸಂತೋಷ. ಹಿಂದೆ ಕೂತಿದ್ದ ಅತ್ತೆಯವರಿಗೆ ಗ್ರಾಫಿನ ಗೊಡವೆ ಇರಲಿಲ್ಲ. ಅವರು ಪಕ್ಕದವರ ಕಿವಿಯಲ್ಲಿ, "ಸುಮ್ನ ಇರತೇನಿ ಅಂದ್ಲು ನೋಡ್ರಿ, ಮನಿಗೆ ಅಂಥಾಕಿನ ಬೇಕು" ಎಂದರಂತೆ. ಹೀಗೆ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಪ್ಪಿ, ನಾನು ಬ್ಯಾಡಗಿಯ ಸೊಸೆಯಾದೆ. ಹಾವೇರಿಯ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರನ್ನು ಯಾರೂ ಏನೂ ಕೇಳಲಿಲ್ಲ.

ಆ ಮನೆಗೆ ಕಾಲಿಟ್ಟಾಗ ಮೊದಲು ಕಂಡದ್ದು ದೇವರ ಕೋಣೆಯಲ್ಲ, ಕಪ್ಪು ಗೋಡೆ! ಪಡಸಾಲೆಯ ಒಂದು ಗೋಡೆಗೆ ಪೂರ್ತಿ ಕರಿ ಬಣ್ಣ ಬಳಿದು ಬೋರ್ಡು ಮಾಡಿಸಿದ್ದರು. ಓಣಿಯ ಮಕ್ಕಳೆಲ್ಲ ಅಲ್ಲಿಗೇ ಪಾಠಕ್ಕೆ ಬರುತ್ತಿದ್ದರು. ಮಾವನವರು ಒಂದು ಗೋಡೆ ತುಂಬ ಬರೆಯುವುದು, ಒಣ ಬಟ್ಟೆಯಿಂದ ಫಟಫಟನೆ ಒರೆಸುವುದು, ಮತ್ತೆ ತುಂಬುವುದು. ಪಾಠವನ್ನು ಅವರು ತಾಸಿನಲ್ಲಿ ಅಳೆಯುತ್ತಿರಲಿಲ್ಲ, ಬೋರ್ಡಿನಲ್ಲಿ ಅಳೆಯುತ್ತಿದ್ದರು. "ಇವತ್ತ ಆರು ಬೋರ್ಡ್ ಪಾಠ ಆತು" ಎಂದು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೇನೇ ಅವರಿಗೆ ಊಟ ಸೇರುತ್ತಿದ್ದುದು.

ಲೋಕದಲ್ಲಿ ಅವರಿಗೆ ಬೇಕಾದದ್ದು ಮೂರೇ ಗ್ರಾಫು. ಹೆಸರಿದ್ದದ್ದಕ್ಕೆ ಕಂಬ, ದಿನ ತಿಂಗಳು ಇದ್ದದ್ದಕ್ಕೆ ಗೆರೆ, ಎರಡೂ ಅಳತೆಯೇ ಆಗಿದ್ದು ಒಂದಕ್ಕೊಂದು ಏನು ನಂಟು ಎಂದು ನೋಡಬೇಕಾದರೆ ಚುಕ್ಕಿ. ಇದರಲ್ಲಿ ಅದಲು ಬದಲು ಮಾಡಿದವನನ್ನು ಅವರು ಕಳ್ಳನಿಗಿಂತ ಕಡೆಯಾಗಿ ನೋಡುತ್ತಿದ್ದರು. ಕಳ್ಳ ಒಂದು ಮನೆ ಲೂಟಿ ಮಾಡುತ್ತಾನೆ, ತಪ್ಪು ಗ್ರಾಫಿನವನು ಊರಿಗೆ ಊರನ್ನೇ ದಾರಿ ತಪ್ಪಿಸುತ್ತಾನೆ ಎಂಬುದು ಅವರ ವಾದ.

ಊರಿನ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಅವರ ಪರಿಚಯದ ವ್ಯಾಪಾರಿಯೊಬ್ಬರಿದ್ದರು. ಯಾವ ಊರಿನಿಂದ ಎಷ್ಟು ಚೀಲ ಮಾಲು ಬಂತು ಎಂಬುದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಒಂದು ಊರಿನಿಂದ ಮತ್ತೊಂದು ಊರಿಗೆ ಕೆಂಪು ಗೆರೆ ಎಳೆಸಿದ್ದರು. ಮಾವನವರು ಅದರ ಮುಂದೆ ನಿಂತುಬಿಟ್ಟರು.

"ಕಾಗಿನೆಲಿಯಿಂದ ಮೇಡ್ಲೇರಿಗೆ ಗೆರಿ ಎಳದೀರಿ. ಈ ಗೆರಿ ನಟ್ಟನಡುವ ಇರೋ ಚೀಲ ಯಾವ ಊರದ್ದು?"

"ಅಲ್ಲಿ ಯಾ ಊರೂ ಇಲ್ರಿ ಮಾಸ್ತರ."

"ಹಂಗಾರ ಗೆರಿ ಯಾಕ ಐತಿ?"

"ಗೆರಿ ಇಲ್ದಿದ್ರ ಬಣಬಣ ಕಾಣತೈತ್ರಿ."

ಮರುದಿನವೇ ಮಾವನವರು ಬಣ್ಣದ ಡಬ್ಬಿ, ಕುಂಚ, ಸ್ಟೂಲು ಸಮೇತ ಹೋಗಿ, ಗೆರೆ ಅಳಿಸಿ, ಊರಿಗೊಂದು ಕಂಬ ಬರೆದು ಬಂದರು. ಹಮಾಲರು ಸ್ಟೂಲು ಹಿಡಿದಿದ್ದರಂತೆ. ಅಲ್ಲಿಂದ ಶುರುವಾಯಿತು ನೋಡಿ! ಮಾಲು ತಂದ ರೈತರೆಲ್ಲ ಮೊದಲು ಗೋಡೆ ನೋಡುವುದು, ಆಮೇಲೆ ಜಗಳ ತೆಗೆಯುವುದು. "ಅವರೂರ ಕಂಬ ಅಷ್ಟುದ್ದ, ನಮ್ಮೂರ ಕಂಬ ಗಿಡ್ಡ ಯಾಕ?" ಗೆರೆ ಇದ್ದಷ್ಟು ದಿನ ಯಾವ ಊರು ಮೇಲೆ, ಯಾವ ಊರು ಕೆಳಗೆ ಎಂದು ಯಾರಿಗೂ ತಿಳಿದಿರಲಿಲ್ಲ! ಕೆಲವರು ತಮ್ಮೂರ ಕಂಬ ಎತ್ತರಿಸುವ ಹಟಕ್ಕೆ ಬೇರೆ ಅಂಗಡಿಗೆ ಹೋಗಬೇಕಾದ ಮಾಲನ್ನೂ ಅಲ್ಲಿಗೇ ತಂದು ಹಾಕಿದರು. ಆ ವರ್ಷ ವ್ಯಾಪಾರಿ ನಮ್ಮ ಮನೆಗೆ ಎರಡು ಚೀಲ ಮೆಣಸಿನಕಾಯಿ ಕಳಿಸಿದರು. ಮಾವನವರು ಅದನ್ನು ಹಿಂದಕ್ಕೆ ಕಳಿಸಿ, ಕಂಬಗಳ ಬುಡ ಸೊನ್ನೆಯಿಂದಲೇ ಶುರುವಾಗಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಹೋಗಿ ಅಳೆದು ಬಂದರು.

ಮನೆಯೊಳಗೆ ನನ್ನ ಪಾಡು ಕೇಳಿ. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದೆ. ಮಾವನವರು ಹಲ್ಲುಜ್ಜುತ್ತ ಬಂದವರು ಅಲ್ಲೇ ನಿಂತು ನೋಡಿದರು, ನೋಡಿದರು, ಕೊನೆಗೆ ತಡೆಯಲಾರದೆ, "ಚುಕ್ಕಿ ಅಷ್ಟ ಇರಲೇವಾ, ಕೂಡಸಬ್ಯಾಡ" ಎಂದರು. ನಾನು ಹಿಟ್ಟು ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ಕೂತೆ. ಒಳಗಿನಿಂದ ಅತ್ತೆ ಬಂದರು.

"ಕೂಡಸದಿದ್ರ ಅದು ರಂಗೋಲಿ ಹ್ಯಾಂಗ ಆಕ್ಕೈತ್ರಿ?"

"ಕೂಡಸಿದ್ರ ಅದು ಖರೇ ಹ್ಯಾಂಗ ಆಕ್ಕೈತಿ?"

"ರಂಗೋಲಿ ಖರೇ ಆಗೂದು ಬ್ಯಾಡ, ಚಂದ ಆದ್ರ ಸಾಕು. ನೀವು ಬಾಯಿ ತೊಳಕೋರಿ."

ಗಣಿತದ ಮಾಸ್ತರರನ್ನು ಹೀಗೆ ಎರಡೇ ಮಾತಿನಲ್ಲಿ ಬಚ್ಚಲಿಗೆ ಕಳಿಸಬಲ್ಲವರು ಆ ಊರಿನಲ್ಲಿ ಅತ್ತೆ ಒಬ್ಬರೇ. ಮಾವನವರ ಪಾಠ ನಡೆಯುವಾಗಲೆಲ್ಲ ಅವರು ಬೋರ್ಡಿನ ಬುಡದಲ್ಲೇ ಮೊರ ಇಟ್ಟುಕೊಂಡು ಕಾಳು ಹಸನು ಮಾಡುತ್ತಿದ್ದರು. ಪಾಠದ ಒಂದಕ್ಷರವೂ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ದಿನವೂ ಜಾಗ ಬಿಟ್ಟು ಎದ್ದವರೂ ಅಲ್ಲ.

ಆ ಅತ್ತೆಗೆ ದೀಪಾವಳಿಯ ಹೊತ್ತಿಗೆ ಕೆಮ್ಮು ಹತ್ತಿತು.

ಮೊದಲು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬ್ಯಾಡಗಿಯಲ್ಲಿ ಕೆಮ್ಮುವುದೂ ಒಂದು ಸುದ್ದಿಯೇ? ಮೆಣಸಿನಕಾಯಿ ಹಂಗಾಮಿನಲ್ಲಿ ಊರಿಗೆ ಬಂದಿಳಿದ ನೆಂಟರು ಮಾತಾಡುವ ಮೊದಲು ಸೀನುತ್ತಾರೆ. ಆದರೆ ಅತ್ತೆಯ ಕೆಮ್ಮು ಸಂಕ್ರಾಂತಿಗೆ ಹೆಚ್ಚಾಯಿತು, ಶಿವರಾತ್ರಿಯ ಹೊತ್ತಿಗೆ ಒಂದು ಮಾತು ಪೂರ್ತಿ ಆಡಲು ಎರಡು ಸಲ ನಿಲ್ಲುವಂತಾಯಿತು. ರಾಣೆಬೆನ್ನೂರಿನ ಡಾಕ್ಟರರು ಎದೆಯ ಚಿತ್ರ ತೆಗೆಸಿ, ದೊಡ್ಡ ರೋಗವೇನಿಲ್ಲ, ಯಾವುದೋ ಧೂಳು ಆಗಿಬರುತ್ತಿಲ್ಲ, ಯಾವುದು ಎಂದು ನೀವೇ ಹುಡುಕಬೇಕು ಎಂದರು. ಹುಡುಕಬೇಕು! ಈ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ ಎಂದು ಆ ಡಾಕ್ಟರರಿಗೆ ಪಾಪ ಗೊತ್ತಿರಲಿಲ್ಲ.

ಅಸಲಿಗೆ ಹುಡುಕಾಟ ಡಾಕ್ಟರರಿಗಿಂತ ಮೊದಲೇ ಶುರುವಾಗಿತ್ತು. ಮೊದಲ ಕೆಮ್ಮಿನ ದಿನದಿಂದಲೇ ಮಾವನವರು ಒಂದು ಡಬ್ಬಿಯಲ್ಲಿ ಹುಣಸೆಬೀಜ ಇಟ್ಟುಕೊಂಡಿದ್ದರು. ಅತ್ತೆ ಕೆಮ್ಮಿದಾಗೊಮ್ಮೆ ಒಂದು ಬೀಜ ಈ ಡಬ್ಬಿಯಿಂದ ಆ ಡಬ್ಬಿಗೆ, ಟಣ್! ಅತ್ತೆ ಕೆಮ್ಮಿದರೆ ಟಣ್, ಮತ್ತೆ ಕೆಮ್ಮಿದರೆ ಟಣ್. ಹೊರಗೆ ಹೋಗುವಾಗ ಡಬ್ಬಿ ನನ್ನ ಕೈಗೆ. ಅತ್ತೆಗೆ ತಲೆ ಚಿಟ್ಟು ಹಿಡಿದು, "ನೀವು ಸಂತಿಗೆ ಹೋದಾಗ ಒಂಬತ್ತು ಸಲ ಕೆಮ್ಮೇನಿ, ಮತ್ತ ಒಂದು ಆಕಳಿಸೇನಿ. ಅದನ್ನೂ ಬರಕೋರಿ" ಎಂದರು. ಮಾವನವರು ನಗಲಿಲ್ಲ. "ಆಕಳಿಕಿ ಬ್ಯಾಡ, ಅದು ಬ್ಯಾರೆ ಗ್ರಾಫ್" ಎಂದರು.

ನೋಟ್‌ಬುಕ್ಕಿನಲ್ಲಿ ದಿನದ ಕೆಮ್ಮು ಒಂದು ಕಡೆ, ಯಾರ್ಡಿಗೆ ಬಂದ ಚೀಲ ಇನ್ನೊಂದು ಕಡೆ. ಮೂರನೆಯ ಕಡೆ ಎಂದಿನಂತೆ ಪಾಠದ ಬೋರ್ಡು. ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಾನೆ ಗೋಡೆಯ ಮೇಲೆ ಗ್ರಾಫು ಎದ್ದಿತು. ಅಡ್ಡಕ್ಕೆ ತಿಂಗಳು. ಕೆಂಪು ಚಾಕ್‌ಪೀಸಿನಲ್ಲಿ ಮೆಣಸಿನಕಾಯಿಯ ಗೆರೆ, ಬಿಳಿಯದರಲ್ಲಿ ಕೆಮ್ಮಿನ ಗೆರೆ. ಎರಡೂ ಜೊತೆಜೊತೆಗೆ ಏರುತ್ತ ಹೋಗಿದ್ದವು. ನೋಡಿದವರೆಲ್ಲ ಹೌದೌದು ಎಂದರು. ಮೆಣಸಿನ ಘಾಟೇ ಕಾರಣ, ಇನ್ನೇನು!

"ನೀ ಮೇಡ್ಲೇರಿಗೆ ನಿನ್ನ ತಮ್ಮನ ಮನಿಗೆ ಹೋಗು. ಹೊಳಿ ದಂಡಿ, ಚಲೋ ಗಾಳಿ ಐತಿ" ಎಂದರು ಮಾವನವರು.

"ನಾ ಎಲ್ಲಿಗೂ ಹೋಗೂದಿಲ್ರಿ."

"ಗ್ರಾಫ್ ಹೇಳಾಕತ್ತೈತಿ."

"ನಿಮಗ ಹೊತ್ತಿಗೆ ಸರಿ ರೊಟ್ಟಿ ಗ್ರಾಫ್ ಹಾಕಿ ಕೊಡತೈತೇನು?"

ಆದರೂ ಹೋದರು. ಹೋಗಿ ಹದಿನೈದು ದಿನಕ್ಕೆ ಅವರ ತಮ್ಮನ ಕಾಗದ ಬಂತು. ಅಕ್ಕನ ಕೆಮ್ಮು ನಿಂತಿದೆ ಎಂದು. ನಾವೆಲ್ಲ ಹಿಗ್ಗಿದೆವು. ಮಾವನವರೂ ಕಾಗದವನ್ನು ಮೂರು ಸಲ ಓದಿದರು. ಆಮೇಲೆ ಕೂತು ಉತ್ತರ ಬರೆದರು. ಇನ್ನು ಮೇಲೆ ಪ್ರತಿ ವರ್ಷ ದೀಪಾವಳಿಯಿಂದ ಯುಗಾದಿಯವರೆಗೆ ಅತ್ತೆ ಅಲ್ಲೇ ಇರಲಿ, ಅವರಿಗೊಂದು ಬೇರೆ ಕೋಣೆ ಮಾಡಿಕೊಡಬೇಕು ಎಂದು. ವರ್ಷದ ಅರ್ಧ! ಲಕೋಟೆ ಅಂಟಿಸಿ, ಸೋಮವಾರ ಅಂಚೆಗೆ ಹಾಕು ಎಂದು ಮಗನ ಕೈಗೆ ಕೊಟ್ಟು, ಮಾವನವರು ಮೂಲೆಯ ಕುರ್ಚಿಯಲ್ಲಿ ಕೂತರು. ಅತ್ತೆ ಹೋದಂದಿನಿಂದ ಅವರು ಮಕ್ಕಳಿಗೂ ಪಾಠ ಹೇಳಿರಲಿಲ್ಲ, ರೊಟ್ಟಿಯನ್ನೂ ಒಂದರ ಮೇಲೆ ಮುಟ್ಟಿರಲಿಲ್ಲ.

ಅವತ್ತು ರವಿವಾರ ಮಧ್ಯಾಹ್ನ, ಅವರು ಪೇಟೆಗೆ ಹೋದಾಗ, ನಾನು ಗೋಡೆಯ ಮೇಲೆ ಉಳಿದಿದ್ದ ಆ ಗ್ರಾಫನ್ನು ನೋಡುತ್ತ ನಿಂತೆ. ಏನೋ ಸರಿಯಿಲ್ಲ ಅನಿಸಿತು. ಚೀಲವೂ ಅಳತೆ, ಕೆಮ್ಮೂ ಅಳತೆ. ಒಂದಕ್ಕೊಂದು ನಂಟಿದೆಯೋ ಎಂಬುದು ಪ್ರಶ್ನೆ. ಹಾಗಿದ್ದರೆ ಚುಕ್ಕಿ ಇಡಬೇಕಲ್ಲವೇ? ನನ್ನನ್ನು ಹೆಣ್ಣು ನೋಡಲು ಬಂದು ಇದನ್ನೇ ಕೇಳಿದ ಮನುಷ್ಯ, ಹೆಂಡತಿಯ ಕೆಮ್ಮಿಗೆ ಬಂದಾಗ ಗೆರೆ ಎಳೆದುಬಿಟ್ಟಿದ್ದರು! ತಿಂಗಳ ಮೇಲೆ ತಿಂಗಳಿಟ್ಟು ಎಳೆದರೆ ಆ ಚಳಿಗಾಲದಲ್ಲಿ ಊರಿನಲ್ಲಿ ಏರಿದ್ದೆಲ್ಲ ಜೊತೆಯಲ್ಲೇ ಏರಿದಂತೆ ಕಾಣುತ್ತದೆ. ಹೆದರಿಕೆಯಲ್ಲಿ ಮಾಸ್ತರರಿಗೂ ಗಣಿತ ಕೈಕೊಡುತ್ತದೆ ಎಂದು ಆಗ ತಿಳಿಯಿತು.

ಗ್ರಾಫಿನ ಹಾಳೆ ತಗೊಂಡು, ನೋಟ್‌ಬುಕ್ ಬಿಚ್ಚಿ, ದಿನಕ್ಕೊಂದು ಚುಕ್ಕಿ ಇಟ್ಟೆ. ಅಡ್ಡಕ್ಕೆ ಚೀಲ, ಉದ್ದಕ್ಕೆ ಕೆಮ್ಮು. ಇಟ್ಟು ನೋಡಿದರೆ ಚುರುಮುರಿ ಚೆಲ್ಲಿದ ಹಾಗಿದೆ, ತಲೆಯಿಲ್ಲ ಬುಡವಿಲ್ಲ! ಪೇಟೆಯ ದಿನ ಯಾರ್ಡು ಕೆಂಪಾಗುವಷ್ಟು ಮಾಲು ಬಂದಾಗ ಅತ್ತೆ ಆರೇ ಸಲ ಕೆಮ್ಮಿದ್ದಾರೆ. ಯಾರ್ಡಿಗೆ ಬೀಗ ಹಾಕಿದ ರವಿವಾರ ನಲವತ್ತು ಸಲ. ರವಿವಾರ ಏನಿರುತ್ತದೆ? ಪಾಠ! ಪರೀಕ್ಷೆ ಹತ್ತಿರ ಬಂದಂತೆ ಪಾಠವೂ ಹೆಚ್ಚು. ನನ್ನ ಕಣ್ಣು ಮೂರನೆಯ ಕಡೆಗೆ ಹೋಯಿತು. ಇನ್ನೊಂದು ಹಾಳೆ ತೆಗೆದೆ. ಈ ಸಲ ಚುಕ್ಕಿಗಳು ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಬೆಲ್ಲಕ್ಕೆ ಹೊರಟ ಇರುವೆಗಳ ಹಾಗೆ ಸಾಲು ಹಿಡಿದಿದ್ದವು. ಬೋರ್ಡು ಹೆಚ್ಚಿದಷ್ಟೂ ಕೆಮ್ಮು ಹೆಚ್ಚು. ಒಣ ಬಟ್ಟೆಯಿಂದ ಒರೆಸಿದ ಸುಣ್ಣದ ಪುಡಿಯೆಲ್ಲ ಬೋರ್ಡಿನ ಬುಡದಲ್ಲಿ ಕೂತ ಅತ್ತೆಯ ಮೇಲೆಯೇ ಇಳಿಯುತ್ತಿತ್ತು.

ಕಂಡುಹಿಡಿದೆನೇನೋ ಸರಿ. ಮಾವನವರಿಗೆ ಹೇಳುವುದು ಹೇಗೆ? ಈಗಾಗಲೇ ಸೊರಗಿ ಕೂತ ಮನುಷ್ಯನಿಗೆ, ಕೆಮ್ಮು ಬರಿಸಿದ್ದು ನೀವೇ ಎನ್ನಬೇಕೇ? ಹೇಳದಿದ್ದರೆ ನಾಳೆ ಕಾಗದ ಅಂಚೆಗೆ ಬೀಳುತ್ತದೆ. ಉದ್ದಕ್ಕೆ 'ಕೆಮ್ಮು' ಎಂದು ಬರೆದೆ. ಅಡ್ಡಕ್ಕೆ ಬರೆಯಲು ಕೈ ಬರಲಿಲ್ಲ. ಹಾಗೇ ಖಾಲಿ ಬಿಟ್ಟು, ಅವರು ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಎದುರಿಗೆ ಹಿಡಿದೆ.

ಮಾವನವರು ಹಾಳೆ ನೋಡಿದವರೇ ಕುರ್ಚಿಯಿಂದ ಎದ್ದು ನಿಂತರು. ಎಷ್ಟೋ ದಿನದ ಮೇಲೆ ಅವರ ಮುಖಕ್ಕೆ ಕಳೆ ಬಂತು.

"ಆಹಾ, ಎಂಥಾ ನಂಟು ಐತಿ ನೋಡು. ಚುಕ್ಕಿ ಇಟ್ಟೀಯಲ್ಲ, ಶಾಣ್ಯಾಕಿ. ನಾ ಯಾಕ ಇಡಲಿಲ್ಲ?" ಎಂದವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ಅಡ್ಡ ಅಕ್ಷಕ್ಕ ಹೆಸರ ಇಲ್ಲಲ್ಲವಾ. ಹೆಸರಿಲ್ಲದ ಅಕ್ಷಕ್ಕ ನಾ ಸೊನ್ನಿ ಕೊಡ್ತಿದ್ದೆ. ಏನಿದು? ಒಲಿ ಹೊಗಿಯೇನು? ಜೋಳದ ಧೂಳೇನು?"

"ನೀವ ಬರೀರಿ, ಮಾವಾರ" ಎಂದು ನೋಟ್‌ಬುಕ್ ಬಿಚ್ಚಿ ಮೂರನೆಯ ಕಡೆ ಬೆರಳಿಟ್ಟೆ.

ಅವರು ಅಲ್ಲಿ ನೋಡಿದರು, ಇಲ್ಲಿ ನೋಡಿದರು. ಒಂದೊಂದೇ ದಿನ ತಾಳೆ ಹಾಕಿದರು. ಆಮೇಲೆ ಪೆನ್ಸಿಲ್ ತಗೊಂಡು, ಖಾಲಿ ಜಾಗದಲ್ಲಿ ಗುಂಡಗಿನ ಅಕ್ಷರದಲ್ಲಿ 'ಬೋರ್ಡು' ಎಂದು ಬರೆದರು. ಕೋಪವಿಲ್ಲ, ಜಗಳವಿಲ್ಲ, ಸಬೂಬಿಲ್ಲ. ನನ್ನ ಮಾವನವರ ಮೇಲೆ ನನಗೆ ಅವತ್ತು ಬಂದಷ್ಟು ಗೌರವ ಇನ್ಯಾವತ್ತೂ ಬಂದಿಲ್ಲ.

ಆದರೆ ಬಿಡುವ ಮನುಷ್ಯರೇ? "ನಂಟು ಐತಿ ಅಂದ್ರ ಕಾರಣ ಅಂತ ಆಗಲಿಲ್ಲ. ಪರೀಕ್ಷಾ ಮಾಡಿ ನೋಡಬೇಕು" ಎಂದರು. ಮಗನ ಕೈಯಿಂದ ಕಾಗದ ಇಸಕೊಂಡು ಹರಿದರು. ಮರುದಿನ ಬೋರ್ಡು ಒರೆಸುವ ಆ ಬಟ್ಟೆಗೆ ನಾಲ್ಕು ಚಾಕ್‌ಪೀಸು ಅರೆದು ಪುಡಿ ತುಂಬಿಸಿ, ಗಂಟು ಕಟ್ಟಿ, ನನ್ನನ್ನೂ ಕರೆದುಕೊಂಡು ಮೇಡ್ಲೇರಿಗೆ ಹೊರಟರು! ಹೆಂಡತಿಯನ್ನು ಕರೆತರಲು ಹೋಗುವವರು ಹೂವು ಒಯ್ಯುತ್ತಾರೆ, ಹಣ್ಣು ಒಯ್ಯುತ್ತಾರೆ. ನಮ್ಮ ಮಾವನವರು ಸುಣ್ಣದ ಪುಡಿ ಒಯ್ದರು. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸುವಾಗ ಗಂಟು ಎಲ್ಲಿ ಸಡಿಲಾಯಿತೋ ಎಂದು ಎರಡು ಸಲ ನೋಡಿಕೊಂಡರು. ದಾರಿಯುದ್ದಕ್ಕೂ, ಬಟ್ಟೆಯನ್ನು ಎಷ್ಟು ದೂರದಿಂದ ಝಾಡಿಸಬೇಕು, ಎಷ್ಟು ಸಲ ಝಾಡಿಸಬೇಕು, ನಾನು ಎಲ್ಲಿ ಕೂತು ಕೆಮ್ಮು ಎಣಿಸಬೇಕು, ಇದೇ ಮಾತು.

ಅತ್ತೆ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಮುಖ ತುಂಬಿಕೊಂಡಿತ್ತು. ನಮ್ಮನ್ನು ಕಂಡವರೇ ಒಂದೇ ಉಸಿರಿಗೆ ಊರಿನ ಸುದ್ದಿಯೆಲ್ಲ ಕೇಳಿದರು. ನಡುವೆ ಒಂದು ಸಲವೂ ಕೆಮ್ಮಲಿಲ್ಲ. ಮಾವನವರು ಪಕ್ಕದಲ್ಲಿ ಕೂತು ಗಂಟು ಬಿಚ್ಚಿದರು. ಬಟ್ಟೆಯ ತುದಿ ಹಿಡಿದರು. ಹಿಡಿದವರು ಹಾಗೇ ಕೂತರು. ಅತ್ತೆಯ ಮುಖ ನೋಡುವುದು, ಬಟ್ಟೆ ನೋಡುವುದು. ಅವರಿಗೆ ಝಾಡಿಸಲು ಆಗಲಿಲ್ಲ.

"ಏನ್ರಿ ಅದು?" ಎಂದರು ಅತ್ತೆ.

"ಬೋರ್ಡ್ ಒರಸೋ ಅರಬಿ" ಎಂದರು ಮಾವನವರು. "ನಿನ್ನ ಕೆಮ್ಮಿಗೆ ಇದ ಕಾರಣ ಏನು ಅಂತ ನೋಡಬೇಕಾಗಿತ್ತು."

"ಅದಕ್ಕ ಇಷ್ಟು ದೂರ ಬಂದ್ರೇನು? ಝಾಡಸ್ರಿ, ಕೆಮ್ಮತೇನಿ. ನನಗ ಮೊದಲಿಂದ ಗೊತ್ತೈತಿ."

ಮಾವನವರು ಬಟ್ಟೆಯ ತುದಿ ಬಿಟ್ಟರು. "ಗೊತ್ತಿತ್ತು? ಮತ್ತ ಹೇಳಲಿಲ್ಲ ಯಾಕ?"

ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರ ನೀವು ಅವತ್ತ ಪಾಠ ಬಿಡ್ತಿದ್ರಿ. ಸಾಲಿ ಬಿಟ್ಟು ಮನಿಗೆ ಬಂದ ಮ್ಯಾಲೆ ಆರು ತಿಂಗಳು ನೀವು ಗ್ವಾಡಿ ಕಡೆ ಮುಖ ಮಾಡಿ ಕುಂತದ್ದು ನಾ ಒಬ್ಬಾಕಿನ ನೋಡೇನಿ. ಉಣ್ರಿ ಅಂದ್ರ ಉಣ್ತಿದ್ರಿ, ಮಲಗ್ರಿ ಅಂದ್ರ ಮಲಗತಿದ್ರಿ. ಕೆಮ್ಮಿಗಾದ್ರ ಔಷಧ ಐತಿ. ಅದಕ್ಕ ನಾ ಎಲ್ಲಿಂದ ತರಲಿ?"

ನನಗೆ ಅಳು ತಡೆಯಲಾಗಲಿಲ್ಲ. ಮಾವನವರು, "ಹಸಿ ಅರಬಿಲೆ ಒರಸ್ತೇನಿ. ಧೂಳ ಏಳೂದಿಲ್ಲ. ನೀ ಮನಿಗೆ ನಡಿ" ಎಂದರು. ಇಷ್ಟು ಸುಲಭದ ಉಪಾಯ ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ!

ಅತ್ತೆ ಕೂಡಲೇ ಏಳಲಿಲ್ಲ. ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, ಇನ್ನೊಂದು ಕೈಯಿಂದ ಆ ಬಟ್ಟೆಯನ್ನು ಮೆಲ್ಲಗೆ ಮಡಚಿ ದೂರ ಇಟ್ಟರು. ಆಮೇಲೆ ತಂಬಿಗೆಯಲ್ಲಿ ನೀರು ತಂದು, ಮಾವನವರ ಎರಡೂ ಕೈಗಳನ್ನು ಮುಂದೆ ಮಾಡಿಸಿ, ಬೆರಳಿಗೆ ಹತ್ತಿದ್ದ ಬಿಳಿ ಪುಡಿಯನ್ನು ತಾವೇ ತೊಳೆದರು.